ಧರ್ಮದ ಹೆಬ್ಬೆಟ್ಟು

ಪುಟವೊಂದಕ್ಕೆ ಟೈಪಿಂಗು ಮೂವತ್ತು ಪೈಸೆ, ಕಾರ್ಬನ್ ಪ್ರತಿ ಬೇಕೆಂದರೆ ಮೇಲೆ ಐದು ಪೈಸೆ. ಶಾಸನದ ಕಲ್ಲಿಗೆ ಒದ್ದೆ ಮಾಡಿ ಹಚ್ಚಿ ಅಚ್ಚು ತೆಗೆಯುವ ದಪ್ಪ ಕಾಗದ ಹಾಳೆಗೆ ಎಂಟಾಣೆ. ಅದು ಗಾಳಿಗೆ ಹರಿದುಹೋಗುವುದುಂಟು, ಆದ್ದರಿಂದ ಕಲ್ಲಿಗೆ ಎರಡು ಹಾಳೆ ಎಂದೇ ಹಿಡಿಯಬೇಕು. ಮಸಿ, ಕುಂಚ, ಕೆ.ಆರ್. ಪುರಕ್ಕೆ ಬಸ್ಸು, ಅಲ್ಲಿಂದಾಚೆಗೆ ಜಟಕಾ. ಹೆಣ್ಣುಮಗಳು ಒಬ್ಬಳೇ ಹೊಲದ ನಡುವೆ ಕಲ್ಲು ತೊಳೆಯುತ್ತ ಕೂರುವುದು ಬೇಡವೆಂದು ಜೊತೆಗೆ ಹೋಗುವ ತಾಯಿಗೂ ಅಷ್ಟೇ ಚಾರ್ಜು, ಮನೆಗೆ ಬಂದ ಮೇಲೆ ಅವಳ ಮೊಣಕಾಲಿಗೆ ಎಣ್ಣೆ. ವಿಶ್ವವಿದ್ಯಾಲಯದ ಫೀಸು ಬೇರೆ. ಕೋಲಾರದ ಕಡೆಯ ಒಂದು ಒಳ್ಳೆಯ ಸಂಬಂಧ ಕೈಬಿಟ್ಟದ್ದು ಬೇರೆ; ಹುಡುಗಿ ಇನ್ನೂ ಓದುತ್ತಿದ್ದಾಳೆ ಎಂದದ್ದಕ್ಕೆ ಅವರು ಟೀ ಕುಡಿದು, ಲೋಟ ಕೆಳಗಿಟ್ಟು, ಎದ್ದುಹೋದರು. ಇಷ್ಟನ್ನೂ ಅಹ್ಮದ್ ಪಾಷಾ ಮನಸ್ಸಿನಲ್ಲೇ ಕೂಡಿಸಿ, ಮಗಳು ಫಹ್ಮಿದಾಳ ಡಾಕ್ಟರೇಟಿಗೆ ಇಷ್ಟು ಬಿದ್ದೀತು ಎಂದು ಒಂದು ಮೊತ್ತ ಕಟ್ಟಿದ್ದರು. ವ್ಯಾಪಾರಸ್ಥನ ಲೆಕ್ಕ, ತಪ್ಪುವುದಿಲ್ಲ ಎಂದುಕೊಂಡಿದ್ದರು. ತಪ್ಪಿತು. ಎಲ್ಲಕ್ಕಿಂತ ದೊಡ್ಡ ಬಾಬತ್ತೇ ಬಿಟ್ಟುಹೋಗಿತ್ತು.

ಇದು ಅರವತ್ತೆಂಟನೇ ಇಸವಿಯ ಮಾತು. ಪಾಷಾ ಅವರದು ವೀಳ್ಯದೆಲೆ ದಲ್ಲಾಳಿ ಕಸುಬು. ಶಿವಾಜಿನಗರದಲ್ಲಿ ರಸೆಲ್ ಮಾರುಕಟ್ಟೆಯ ಗದ್ದಲ ದಾಟಿ, ಹಿಂದೆ ಕುದುರೆ ಲಾಯವಿದ್ದ ಒಂದು ಸಂದಿಯೊಳಕ್ಕೆ ಹೊಕ್ಕರೆ ಎಲೆ ಮಂಡಿ. ಒಂದೇ ತಗಡಿನ ಸೂರಿನ ಕೆಳಗೆ ಹತ್ತು ಹನ್ನೆರಡು ದಲ್ಲಾಳಿಗಳು ಕೂರುತ್ತಿದ್ದರು. ಮಾರತ್ತಹಳ್ಳಿ, ವರ್ತೂರು ಕಡೆಯ ತೋಟಗಳಿಂದ ಬೆಳಕು ಹರಿಯುವ ಹೊತ್ತಿಗೆ ಎಲೆ ಬರುತ್ತಿತ್ತು, ಬಾಳೆಪಟ್ಟೆ ಸುತ್ತಿದ ಹೇರುಗಳಲ್ಲಿ, ಎತ್ತಿನ ಗಾಡಿಯಲ್ಲೋ ಬಸ್ಸಿನ ತಲೆಯ ಮೇಲೋ. ತೋಟದವನು ತನ್ನ ಹೇರು ಇಳಿಸಿ ಪಕ್ಕಕ್ಕೆ ಹೋಗಿ ಕೂರಬೇಕು. ದಲ್ಲಾಳಿಯೂ ಕೊಳ್ಳುವವನೂ ಎದುರುಬದುರು ನಿಂತು, ಇಬ್ಬರ ಬಲಗೈ ಮೇಲೂ ಒಂದು ಟವೆಲ್ಲು ಹೊದಿಸಿ, ಅದರ ಕೆಳಗೆ ಬೆರಳು ಹಿಡಿದು ದರ ಕುದುರಿಸುತ್ತಿದ್ದರು. ಎಷ್ಟು ಬೆರಳು ಹಿಡಿದರೆ ಅಷ್ಟು ರೂಪಾಯಿ, ಗೆಣ್ಣು ಮುಟ್ಟಿದರೆ ಆಣೆ. ಬಾಯಲ್ಲಿ ಮಳೆಯ ಮಾತೋ ಮದುವೆಯ ಮಾತೋ ನಡೆಯುತ್ತಿರಬಹುದು. ಮುಖದಲ್ಲಿ ಮಾತ್ರ ಏನೂ ಕಾಣಬಾರದು. ಮುಗಿದ ಮೇಲೆ ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು, ದಲ್ಲಾಳಿ ತೋಟದವನಿಗೆ ದರ ಕೂಗಿ ಹೇಳುತ್ತಿದ್ದ. ಕೂಗಿದ್ದೇ ದರ.

ಈ ಕಸುಬಿನಲ್ಲಿ ಪಾಷಾ ಮೂವತ್ತು ವರ್ಷ ಸವೆಸಿದ್ದರು. ಶಾಲೆಯ ಮೆಟ್ಟಿಲು ಹೆಚ್ಚು ಹತ್ತಿದವರಲ್ಲ. ಆದರೆ ಎಲೆಯ ತೊಟ್ಟು ಮುರಿದು ಮೂಸಿ ಯಾವ ತೋಟದ್ದು ಎಂದು ಹೇಳಬಲ್ಲವರು, ಮನುಷ್ಯರ ವಿಷಯದಲ್ಲೂ ಹೆಚ್ಚುಕಡಿಮೆ ಅಷ್ಟೇ. ಮಗಳು ಕನ್ನಡ ಶಾಲೆಗೆ ಹೋಗುತ್ತೇನೆ ಎಂದಾಗ ಹೋಗಲಿ ಎಂದರು, ಕಾಲೇಜಿಗೆ ಎಂದಾಗಲೂ ಹೋಗಲಿ ಎಂದರು. ಹಳೆಗಾಲದ ಕಲ್ಲು ಓದುತ್ತೇನೆ ಎಂದಾಗ ಮಾತ್ರ, ಅದರಿಂದ ಯಾರಿಗೆ ಏನು ಸಿಕ್ಕುತ್ತದೆ ಎಂದು ಒಮ್ಮೆ ಕೇಳಿದ್ದರು. ಸಿಕ್ಕಿದಾಗ ಹೇಳುತ್ತೇನೆ ಎಂದಿದ್ದಳು ಫಹ್ಮಿದಾ.

ಅವಳು ಹಿಡಿದ ವಿಷಯ, ನಡುಗಾಲದ ವರ್ತಕರು ಮತ್ತು ಅವರು ಕೊಟ್ಟ ದಾನಧರ್ಮ. ಊರಿನ ಪೂರ್ವಕ್ಕೆ, ಕೆರೆ ಏರಿಯ ಮೇಲೂ ಪಾಳು ಗುಡಿಗಳ ಮುಂದೂ ಅವಳಿಗೆ ಕೆಲವು ಕಲ್ಲು ಸಿಕ್ಕಿದ್ದವು. ಎಲ್ಲದರಲ್ಲೂ ಹೆಚ್ಚುಕಡಿಮೆ ಒಂದೇ ಮಾತು: ವರ್ತಕರು ನೆರೆದು, ಎಲೆಯ ಪ್ರತಿ ಹೇರಿಗೂ ಇಂತಿಷ್ಟು ಎಲೆ ಎಂದು ದೇವರ ದೀಪಕ್ಕೂ ಕೆರೆಯ ಕೆಲಸಕ್ಕೂ ಬಿಟ್ಟುಕೊಟ್ಟರು. ಆಮೇಲೆ ಆ ವರ್ತಕರ ಹೊಗಳಿಕೆ, ಸಾಲುಗಟ್ಟಲೆ. ಫಹ್ಮಿದಾಳನ್ನು ಕಾಡಿದ್ದು ಒಂದೇ ಪ್ರಶ್ನೆ. ಆ ಎಲೆ ಯಾರ ಗಂಟಿನಿಂದ ಹೋಯಿತು? ವರ್ತಕನದೋ, ಬೆಳೆದವನದೋ? ಕಲ್ಲಿನಲ್ಲಿ ಅದಿಲ್ಲ. ಅವಳ ಪ್ರೊಫೆಸರು, ಕಲ್ಲು ಹೇಳದ್ದನ್ನು ನಾವು ಹೇಳಬಾರದು, ಮುಂದಕ್ಕೆ ಹೋಗು ಎಂದರಂತೆ. ಅವಳಿಗೆ ಮುಂದಕ್ಕೆ ಹೋಗಲು ಆಗಲಿಲ್ಲ. ಒಂದು ಭಾನುವಾರ ಊಟಕ್ಕೆ ಕೂತಾಗ ಅದನ್ನೇ ತಂದೆಯನ್ನು ಕೇಳಿದಳು.

ಪಾಷಾ ನಕ್ಕುಬಿಟ್ಟರು. “ತೋಟದವನ ಗಂಟಿಂದ ಕಣಮ್ಮ. ವರ್ತಕ ತನ್ನ ಗಂಟಿಂದ ಕೊಟ್ಟಿದ್ರೆ ಕಲ್ಲು ಕೆತ್ತಿಸೋಕೆ ಕಾಸೆಲ್ಲಿ ಉಳೀತಿತ್ತು?”

ಅಷ್ಟಕ್ಕೇ ಬಿಡಬಹುದಿತ್ತು. ಆದರೆ ಅಷ್ಟು ಓದಿದ ಮಗಳು ತನ್ನನ್ನು ಒಂದು ಮಾತು ಕೇಳಿದ್ದು ಅದೇ ಮೊದಲು. ಊಟಕ್ಕೆ ಹಾಸಿದ್ದ ಬಟ್ಟೆಯ ಅಂಚನ್ನು ಎಳೆದು ಅವಳ ಬಲಗೈ ಮೇಲೆ ಹೊದಿಸಿ, ಕೆಳಗಿನಿಂದ ಬೆರಳು ಹಿಡಿದರು. ಇದು ಎರಡು ರೂಪಾಯಿ, ಇದು ನಾಲ್ಕಾಣೆ ಎಂದು ತೋರಿಸಿದರು. ಆಮೇಲೆ ಹೆಬ್ಬೆಟ್ಟನ್ನು ಅವಳ ಅಂಗೈ ನಡುವೆ ಊರಿ ಎರಡು ಸಲ ಒತ್ತಿದರು. ಒಂದು ಒತ್ತಿಗೆ ರೂಪಾಯಿಗೆ ಒಂದಾಣೆ. ಅಷ್ಟನ್ನು ಕಳೆದು ತೋಟದವನಿಗೆ ದರ ಕೂಗುವುದು. ಇದಕ್ಕೆ ಮಂಡಿಯಲ್ಲಿ ಧರ್ಮ ಎಂದು ಹೆಸರು. ಅವರ ತಂದೆಯ ಕಾಲದಲ್ಲಿ ಆ ದುಡ್ಡಿನಲ್ಲೇ ಸಂದಿಯ ಬಾಯಲ್ಲಿ ಎತ್ತುಗಳಿಗೆ ನೀರಿನ ತೊಟ್ಟಿ ಕಟ್ಟಿಸಿದ್ದು, ಮಸೀದಿಗೆ ಎಣ್ಣೆ ಕೊಟ್ಟಿದ್ದು, ಹಲಸೂರಿನ ಉತ್ಸವಕ್ಕೆ ಪಾನಕ ಮಾಡಿಸಿದ್ದು, ಮೂಟೆ ಹೊರುವವನು ಸತ್ತರೆ ಅವನ ಹೆಂಡತಿಗೆ ಅಕ್ಕಿ ಕಳಿಸಿದ್ದು. ಈಗಲೂ ಕೊಡುತ್ತಾರೆ, ಸ್ವಲ್ಪ. ಉಳಿದದ್ದು ಅರ್ಧ ದಲ್ಲಾಳಿಗೆ, ಅರ್ಧ ಕೊಂಡವನಿಗೆ ವಾಪಸು.

“ತೋಟದವರಿಗೆ ಗೊತ್ತಾ ಅಬ್ಬಾ?” ಎಂದಳು ಫಹ್ಮಿದಾ.

“ಗೊತ್ತಾಗೋ ಹಾಗಿದ್ರೆ ಟವೆಲ್ ಯಾಕೆ?”

ನೂರ್ಜಹಾನ್ ಬೀಬಿ, ಅನ್ನದ ಮುಂದೆ ಕೂತು ಇದೇನು ಸಂತೆ ಎಂದು ಗಂಡನನ್ನೂ ಮಗಳನ್ನೂ ಗದರಿಸಿದರು. ಹೆಂಡತಿಗೇ ಇದುವರೆಗೆ ಹೇಳದಿದ್ದ ವಿಷಯ ಅದು. ಮಗಳಿಗೆ ಹೇಳಿದ್ದು ಮನೆಯೊಳಗಿನ ಮಾತು ಎಂದು ಪಾಷಾ ತಿಳಿದಿದ್ದರು. ಮಗಳು ಅದನ್ನು ಆಧಾರ ಎಂದು ತಿಳಿದಳು.

ಅವಳ ಕೊನೆಯ ಅಧ್ಯಾಯ ಹುಟ್ಟಿದ್ದು ಹಾಗೆ. ಕಲ್ಲಿನ ಮೇಲೆ ವರ್ತಕನ ಹೆಸರಿನಲ್ಲಿರುವ ದಾನ ಬೆಳೆಗಾರನ ಪಾಲಿನಿಂದ ಕದ್ದದ್ದಿರಬಹುದು, ಇಂದಿಗೂ ಒಂದು ಮಂಡಿಯಲ್ಲಿ ಹೀಗೆ ನಡೆಯುತ್ತದೆ ಎಂದು ಬರೆದು, ಒಂದು ವಿಚಾರ ಸಂಕಿರಣದಲ್ಲಿ ಓದಿದಳು. ತಂದೆಯ ಹೆಸರು ಹಾಕಿರಲಿಲ್ಲ. ದಂಡಿನ ಕಡೆಯ ಎಲೆ ವರ್ತಕರೊಬ್ಬರು ಎಂದಷ್ಟೇ ಇತ್ತು. ಸಭೆಯಲ್ಲಿದ್ದ ಪತ್ರಿಕೆಯವನೊಬ್ಬ ಅದನ್ನು ಎತ್ತಿಕೊಂಡು, ಟವೆಲ್ಲು ಹೆಬ್ಬೆಟ್ಟು ಸಮೇತ, ಭಾನುವಾರದ ಪುಟದಲ್ಲಿ ಅಚ್ಚು ಹಾಕಿಸಿದ. ದಂಡಿನ ಕಡೆ, ಅಂದರೆ ಶಿವಾಜಿನಗರದ ಸುತ್ತಮುತ್ತ, ಇದ್ದದ್ದು ಒಂದೇ ಎಲೆ ಮಂಡಿ. ಆ ಮಂಡಿಯಲ್ಲಿ ಮಗಳನ್ನು ಅಷ್ಟು ಓದಿಸಿದ ದಲ್ಲಾಳಿ ಒಬ್ಬರೇ.

ಮೊದಲು ಬಂದವನು ಸಂಜೀವಪ್ಪ. ಮಾರತ್ತಹಳ್ಳಿಯ ಹತ್ತಿರ ಎಲೆ ತೋಟ ಮಾಡಿಕೊಂಡಿದ್ದ. ಪಾಷಾ ಅವರನ್ನು ಬಿಟ್ಟು ಬೇರೆಯವರಿಗೆ ಹೇರು ಇಳಿಸಿದವನಲ್ಲ. ಅವತ್ತು ಹೇರು ಇಳಿಸಿದ, ಆದರೆ ಪಕ್ಕಕ್ಕೆ ಹೋಗಿ ಕೂರಲಿಲ್ಲ. ಎದುರಿಗೆ ಬಂದು ನಿಂತು ಬಲಗೈ ಚಾಚಿದ.

“ಪಾಷಾ ಸಾಬ್ರೆ, ಒಂದ್ಸಲ ನನ್ ಕೈ ಹಿಡೀರಿ.”

“ನಿನ್ ಕೈ ಯಾಕಪ್ಪಾ?”

“ಇಪ್ಪತ್ ವರ್ಷದಿಂದ ನನ್ ಎಲೆ ಹಿಡಿದಿದ್ದೀರಿ. ಕೈ ಹಿಡಿದಿಲ್ಲ.”

ಬೇಡ ಎನ್ನುವುದಕ್ಕೂ ಒಂದು ಕಾರಣ ಬೇಕು. ಪಾಷಾ ಅವರಿಗೆ ಅದು ಸಿಗಲಿಲ್ಲ. ಕೈ ಕೊಟ್ಟರು. ಸಂಜೀವಪ್ಪ ತಾನೇ ತನ್ನ ಹೆಗಲ ಟವೆಲ್ಲು ತೆಗೆದು ಎರಡು ಕೈಗಳ ಮೇಲೂ ಹಾಕಿ, ಪತ್ರಿಕೆಯಲ್ಲಿ ಓದಿಸಿಕೊಂಡು ಕಲಿತಂತೆ, ಪಾಷಾ ಅವರ ಅಂಗೈಗೆ ಹೆಬ್ಬೆಟ್ಟು ಒತ್ತಿದ. ತೋಟದಲ್ಲಿ ಬಳ್ಳಿ ಕಟ್ಟಿ ಕಟ್ಟಿ ಕಾಯಿಯಂತಾದ ಬೆಟ್ಟು.

“ಇದೇನಾ ಧರ್ಮ ಅಂದ್ರೆ?”

ಪಾಷಾ ಕೈ ಬಿಡಿಸಿಕೊಳ್ಳಲು ನೋಡಿದರು. ಸಂಜೀವಪ್ಪ ಬಿಡಲಿಲ್ಲ.

“ನಮ್ ಮಗಳು ಪಿಳ್ಳಮ್ಮನ ಹೆರಿಗೇಲಿ ಐವತ್ ರೂಪಾಯಿ ಕೊಟ್ರಲ್ಲ, ವಾಪಸ್ ಬೇಡ ಅಂದ್ರಲ್ಲ. ಅವತ್ತು ನಿಮ್ ಕಾಲಿಗ್ ಬಿದ್ದಿದ್ದೆ ನಾನು. ಅದು ಯಾರ್ ದುಡ್ಡು ಸಾಬ್ರೆ?”

ಉತ್ತರಕ್ಕೆ ಕಾಯದೆ ಹೇರು ಎತ್ತಿ ತಲೆಯ ಮೇಲಿಟ್ಟುಕೊಂಡು, ನಾಲ್ಕು ಮಾರು ಆಚೆಗಿದ್ದ ಆದಿನಾರಾಯಣ ಶೆಟ್ಟರ ಮುಂದೆ ಇಳಿಸಿದ. ಅಲ್ಲಿ ಒತ್ತುವುದಿಲ್ಲವೇನೋ ಎಂದು ಯಾರೋ ಕೊಂಕು ನುಡಿದರು. ಒತ್ತುತ್ತಾರೆಂದು ಗೊತ್ತಿದ್ದೇ ಕೊಡುತ್ತಿದ್ದೇನೆ, ಅವರನ್ನು ನಾನು ನಂಬಿರಲಿಲ್ಲ ಎಂದ ಸಂಜೀವಪ್ಪ.

ಆದಿನಾರಾಯಣ ಶೆಟ್ಟರು ಮಂಡಿಯ ಯಜಮಾನರು. ಪಾಷಾ ಮತ್ತು ಅವರು ಒಂದೇ ವರ್ಷ, ಇನ್ನೂ ಮೀಸೆ ಬರದ ವಯಸ್ಸಿನಲ್ಲಿ, ತಂತಮ್ಮ ತಂದೆಯರ ಪಕ್ಕದಲ್ಲಿ ಕೂತು ಬೆರಳು ಕಲಿತವರು. ನೀರಿನ ತೊಟ್ಟಿಯ ಮೇಲಿನ ಕಲ್ಲಿನಲ್ಲಿ, ಎಲೆ ವರ್ತಕರ ದಾನ ಎಂಬುದರ ಕೆಳಗೆ, ಇಬ್ಬರ ತಂದೆಯರ ಹೆಸರೂ ಒಂದರ ಪಕ್ಕ ಒಂದಿದೆ. ಆ ಮಧ್ಯಾಹ್ನ ಶೆಟ್ಟರು ಎಲ್ಲ ದಲ್ಲಾಳಿಗಳನ್ನೂ ಕೂರಿಸಿಕೊಂಡು ಪಾಷಾ ಅವರನ್ನು ಕರೆಸಿದರು.

“ನಿನ್ ಮಗಳು ಡಾಕ್ಟರಾಗ್ತಾಳೆ ಅಂತ ಸಂತೋಷಪಟ್ಟೋನು ನಾನು,” ಎಂದರು. “ಮೊದಲನೇ ಕೊಯ್ತ ನಮಗೇ ಹಾಕಿಬಿಟ್ಟಳಲ್ಲೋ ಪಾಷಾ.”

ಒಬ್ಬಿಬ್ಬರು ನಕ್ಕರು. ಶೆಟ್ಟರು ನಗಲಿಲ್ಲ. ತೋಟದವರು ದಿನಾ ಬಂದು ಕೈ ಚಾಚುತ್ತಿದ್ದಾರೆ, ಹೀಗಾದರೆ ಮಂಡಿ ಮುಚ್ಚಬೇಕಾಗುತ್ತದೆ ಎಂದರು. ಮಾಡಬೇಕಾದದ್ದು ಎರಡೇ. ಅಂಥದ್ದೇನೂ ಇಲ್ಲ, ನಾನು ಏನನ್ನೂ ತೋರಿಸಿಲ್ಲ, ಹುಡುಗಿ ಊಹೆ ಮಾಡಿ ಬರೆದಿದ್ದಾಳೆ ಎಂದು ಪಾಷಾ ಎಲ್ಲ ತೋಟದವರ ಎದುರಿಗೂ ಹೇಳಬೇಕು. ಹುಡುಗಿ ಅದನ್ನೇ ತನ್ನ ಯೂನಿವರ್ಸಿಟಿಗೆ ಹೇಳಬೇಕು. ಅಲ್ಲಿಯವರೆಗೆ ಪಾಷಾ ಟವೆಲ್ಲಿನ ಕೆಳಗೆ ಯಾರೂ ಕೈ ಹಾಕುವುದಿಲ್ಲ.

ಯಾರೂ ಹಾಕಲಿಲ್ಲ. ವಿಷಯ ಇನ್ನೂ ಮುಟ್ಟದಿದ್ದ ದೂರದ ಕೆಲವು ತೋಟದವರು ಮೊದಲ ವಾರ ಪಾಷಾ ಅವರಿಗೇ ಹೇರು ಕಳಿಸಿದರು. ಕೊಳ್ಳುವವರು ಬಂದು, ಎಲೆ ನೋಡಿ, ಚೆನ್ನಾಗಿದೆ ಎಂದು ಹೇಳಿ, ಮುಂದಕ್ಕೆ ಹೋದರು. ಎಲೆ ಕಾಯುವುದಿಲ್ಲ. ನೀರು ಚಿಮುಕಿಸಿ ಮಗುಚಿ ಹಾಕುತ್ತಿದ್ದರೂ ಒಂದು ಎಲೆಯ ಅಂಚು ಕಪ್ಪಾದರೆ ಪಕ್ಕದ್ದಕ್ಕೂ ಹತ್ತುತ್ತದೆ. ಪಾಷಾ ತೋಟದವರಿಗೆ ತಮ್ಮ ಕೈಯಿಂದ ದುಡ್ಡು ಕೊಟ್ಟು ಹೇರುಗಳನ್ನು ಮನೆಗೆ ಹೊರಿಸಿಕೊಂಡು ಹೋದರು. ನೂರ್ಜಹಾನ್ ಬೀಬಿ ಅಂಗಳದ ತುಂಬ ಎಲೆ ಹರಡಿ, ಕೊಳೆತದ್ದನ್ನು ಕಿತ್ತು, ಉಳಿದದ್ದನ್ನು ಒದ್ದೆ ಗೋಣಿಯಲ್ಲಿ ಸುತ್ತುತ್ತಿದ್ದರು. ಮಾರನೆಯ ದಿನ ಮತ್ತೆ ಅಷ್ಟೇ ಕೊಳೆತಿರುತ್ತಿತ್ತು. ಆ ವಾಸನೆ ಹಾಸಿಗೆಗೂ ಅನ್ನಕ್ಕೂ ಹತ್ತಿತು.

ಪಾಷಾ ಬುಟ್ಟಿ ಹಿಡಿದು ಹಲಸೂರಿನವರೆಗೂ ನಡೆದರು, ಬೀಡಾ ಅಂಗಡಿಗಳಿಗೆ ನೇರವಾಗಿ ಕೊಡೋಣವೆಂದು. ಮಂಡಿಯಲ್ಲಿ ಎದ್ದುನಿಂತು ಸಲಾಮು ಮಾಡುತ್ತಿದ್ದ ಅಂಗಡಿಯವರು, ನಾಳೆ ಶೆಟ್ಟರು ನಮಗೆ ಎಲೆ ಕೊಡದೆ ಹೋದರೆ ಏನು ಮಾಡೋಣ ಭಾಯ್ ಎಂದು ಕೈ ಮುಗಿದರು. ಒಬ್ಬ ಮಾತ್ರ ಒಂದು ಕಟ್ಟು ತೆಗೆದುಕೊಂಡ. ಅದೂ ಬುಟ್ಟಿಯನ್ನು ಅಂಗಡಿಯ ಹಿಂದಕ್ಕೆ ತರಿಸಿಕೊಂಡು. ಕಳ್ಳಮಾಲು ಮಾರುವವನಂತೆ ಪಾಷಾ ಆ ಗೋಡೆಯ ಹಿಂದೆ ನಿಂತರು. ವಾಪಸು ಬರುವಾಗ ಹೆಜ್ಜೆ ಎಲೆ ಮಂಡಿಯ ಸಂದಿಗೇ ತಾನಾಗಿ ತಿರುಗಿತು. ತೊಟ್ಟಿಯ ಹತ್ತಿರ ನಿಂತು, ತಂದೆಯ ಹೆಸರು ನೋಡಿ, ಬುಟ್ಟಿಯಲ್ಲಿ ಉಳಿದಿದ್ದನ್ನು ಅಲ್ಲಿದ್ದ ಎತ್ತಿನ ಮುಂದೆ ಸುರಿದರು. ಎತ್ತು ಮೂಸಿ ಮುಖ ತಿರುಗಿಸಿತು.

ಆ ಕಡೆ ವಿಶ್ವವಿದ್ಯಾಲಯದಲ್ಲೂ ಬಾಗಿಲು ಬಿಗಿಯಾಗುತ್ತಿತ್ತು. ಪ್ರಬಂಧ ನೋಡಲು ಬೇರೆ ಊರಿನಿಂದ ನೇಮಕವಾದ ಪರೀಕ್ಷಕರು, ಬಾಯಿಮಾತು ಇತಿಹಾಸಕ್ಕೆ ಆಧಾರವಲ್ಲ, ಹೇಳಿದವರು ಯಾರೋ ಅವರನ್ನು ಎದುರಿಗೆ ತಂದು ತೋರಿಸಬೇಕು, ಇಲ್ಲವೇ ಅಧ್ಯಾಯ ತೆಗೆಯಬೇಕು ಎಂದಿದ್ದರಂತೆ. ತೆಗೆದುಬಿಡು, ಉಳಿದ ಆರು ಅಧ್ಯಾಯ ಪದವಿಗೆ ಸಾಕು ಎಂದರಂತೆ ಪ್ರೊಫೆಸರು. ಇದನ್ನು ಫಹ್ಮಿದಾ ತಾಯಿಯ ಪಕ್ಕ ಕೂತು ಎಲೆ ಆರಿಸುತ್ತ ಹೇಳಿದಳು, ತಂದೆಯ ಮುಖ ನೋಡದೆ.

“ತೆಗೀತೀನಿ ಅಬ್ಬಾ. ಶೆಟ್ಟರು ಹೇಳಿದ ಹಾಗೆ ಬರೆದೂ ಕೊಡ್ತೀನಿ. ನೀವು ನಾಳೆ ಮಂಡಿಗೆ ಹೋಗಿ.”

“ಆ ಆರರಲ್ಲಿ ಏನಿದೆ?”

“ಕಲ್ಲು ಹೇಳಿದ್ದು ಇದೆ.”

“ಅಂದ್ರೆ ವರ್ತಕರು ದಾನ ಕೊಟ್ರು ಅಂತ.”

“ಹೂಂ.”

ಪಾಷಾ ಬಾಗಿ ಒಂದು ಕೊಳೆತ ಎಲೆ ಎತ್ತಿ ಆಚೆ ಹಾಕಿದರು. ಮಗಳ ಬೆರಳ ತುದಿಯಲ್ಲಿ ಮೊದಲು ಶಾಸನದ ಮಸಿ ಇರುತ್ತಿತ್ತು. ಈಗ ಎಲೆ ಕೊಳೆತ ಕಪ್ಪು. ಐದು ವರ್ಷ ಹೊಲ ಹೊಲ ತಿರುಗಿ, ಇವಳು ತನ್ನದೆಂದು ಹೇಳಿದ್ದು ಅದೊಂದೇ ಮಾತು.

“ನೀನೇನೂ ಬರೆದುಕೊಡಬೇಡ,” ಎಂದರು. “ಸುಳ್ಳು ಹೇಳೋದು ನನ್ ಕಸುಬು, ನಿನ್ನದಲ್ಲ. ನಾನೊಬ್ಬನೇ ಹೋಗಿ ಹೇಳಿ ಬರ್ತೀನಿ. ಶೆಟ್ಟಿ ನನ್ ಬಾಲ್ಯದೋನು, ಅಷ್ಟಕ್ಕೇ ಒಪ್ಕೋತಾನೆ.”

ಶೆಟ್ಟರು ಒಪ್ಪಿದರು. ಅವರಿಗೂ ಈ ಜಗಳ ಸಾಕಾಗಿತ್ತು. ಮಾರನೆಯ ಬೆಳಿಗ್ಗೆ ತೋಟದವರನ್ನೆಲ್ಲ ಒಂದು ಕಡೆ ಸೇರಿಸಿದರು. ಪಾಷಾ ಒಗೆದ ಜುಬ್ಬಾ ತೊಟ್ಟು, ಹೆಗಲ ಮೇಲೆ ಟವೆಲ್ಲು ಹಾಕಿಕೊಂಡು, ತಾವು ಮೂವತ್ತು ವರ್ಷ ಕೂತಿದ್ದ ಜಾಗದಲ್ಲೇ ನಿಂತು ಮಾತಾಡಿದರು. ನನ್ನ ಮಗಳು ಪುಸ್ತಕದ ಹುಡುಗಿ, ಅವಳಿಗೆ ಮಂಡಿ ಏನು ಗೊತ್ತು ಎಂದರು. ನಾನು ಏನನ್ನೂ ತೋರಿಸಿಲ್ಲ, ಇಲ್ಲಿ ಹಾಗೇನೂ ನಡೆಯುವುದಿಲ್ಲ ಎಂದರು. ಮಾತು ಎಲ್ಲೂ ತಡವರಿಸಲಿಲ್ಲ. ತೋಟದವರು ನೆಲ ನೋಡುತ್ತ ಕೇಳಿಸಿಕೊಂಡರು. ನಂಬಿದವರು ಯಾರೂ ಇರಲಿಲ್ಲ, ಆದರೆ ಎಲೆ ಮಾರಲು ಬೇರೆ ಊರೂ ಇರಲಿಲ್ಲ.

ಹೊರಗಿದ್ದವನು ಒಳಕ್ಕೆ ಬಂದರೆ ಮೊದಲನೇ ವ್ಯಾಪಾರ ಯಜಮಾನನ ಜೊತೆ ಆಗಬೇಕು. ಅದು ಮಂಡಿಯ ಪದ್ಧತಿ. ಶೆಟ್ಟರೇ ಕೊಳ್ಳುವವರಾಗಿ ಎದುರಿಗೆ ನಿಂತು, ಹತ್ತಿರವಿದ್ದ ಒಂದು ಹೇರನ್ನು ಕಾಲಿನಿಂದ ಮುಂದಕ್ಕೆ ತಳ್ಳಿದರು. ಅದು ಸಂಜೀವಪ್ಪನ ಹೇರು. ಬೇಕೆಂದು ಮಾಡಿದರೋ, ಕೈಗೆ ಸಿಕ್ಕಿದ್ದೋ, ಪಾಷಾ ಅವರಿಗೆ ತಿಳಿಯಲಿಲ್ಲ. ಟವೆಲ್ಲು ಹರಡಿದರು. ಶೆಟ್ಟರ ಬೆರಳು ಕೆಳಗಿನಿಂದ ಬಂದು ಹಿಡಿಯಿತು, ಹಳೆಯ ಗುರುತಿನ ಬೆಚ್ಚನೆಯ ಕೈ. ಇಷ್ಟು ದಿನಗಳ ಮೇಲೆ ಒಂದು ಕೈ. ಪಾಷಾ ಅವರಿಗೆ ಕಣ್ಣು ತುಂಬಿ ಬಂತು. ದರ ಬೇಗ ಕುದುರಿತು, ಮೂರೂವರೆ. ಇನ್ನು ಹೆಬ್ಬೆಟ್ಟು.

ಸಂಜೀವಪ್ಪ ಪಕ್ಕದಲ್ಲೇ ಕುಕ್ಕುರುಗಾಲಿನಲ್ಲಿ ಕೂತಿದ್ದ. ಅವನು ಟವೆಲ್ಲನ್ನು ನೋಡುತ್ತಿರಲಿಲ್ಲ. ಪಾಷಾ ಅವರ ಮುಂಗೈಯನ್ನು, ಜುಬ್ಬಾದ ತೋಳು ಮುಗಿದು ಟವೆಲ್ಲು ಶುರುವಾಗುವ ಮೂರು ಬೆರಳು ಅಗಲದ ಜಾಗವನ್ನು, ನೋಡುತ್ತಿದ್ದ. ಹೆಬ್ಬೆಟ್ಟು ಒತ್ತಿದರೆ ಅಲ್ಲಿ ನರ ಎದ್ದು ಕಾಣುತ್ತದೆ. ಇಷ್ಟು ವರ್ಷದಲ್ಲಿ ಅದನ್ನು ಗಮನಿಸಿದವರಿಲ್ಲ.

ಶೆಟ್ಟರು ಕಾದರು. ಮುಖದ ಮೇಲೆ ಏನೂ ಇಲ್ಲದೆ, ಇವತ್ತು ಬಿಸಿಲು ಜೋರು ಎಂದರು. ಹೌದು ಎಂದರು ಪಾಷಾ. ಶೆಟ್ಟರು ನೆನಪು ಮಾಡುವಂತೆ ತಾವೇ ಒಮ್ಮೆ ಮೆಲ್ಲಗೆ ಒತ್ತಿದರು. ಬಾಯಲ್ಲಿ ಸುಳ್ಳು ಹೇಳಿ ಆಗಿತ್ತು, ಅದು ಕಷ್ಟವಾಗಿರಲಿಲ್ಲ. ಆದರೆ ಮೂವತ್ತು ವರ್ಷ ತಾನೇ ತಾನಾಗಿ ಇಳಿಯುತ್ತಿದ್ದ ಬೆಟ್ಟು, ನೋಡುವವನೊಬ್ಬನಿದ್ದಾನೆ ಎಂದು ಗೊತ್ತಾದ ಕೂಡಲೇ ಮರದ ತುಂಡಾಗಿಬಿಟ್ಟಿತು. ಇಳಿಸು ಇಳಿಸು ಎಂದು ಪಾಷಾ ತಮಗೇ ಹೇಳಿಕೊಂಡರು. ಅಂಗಳದ ಎಲೆ ನೆನೆದರು, ಹಲಸೂರಿನ ಗೋಡೆ ನೆನೆದರು. ಇಳಿಯಲಿಲ್ಲ. ಕೊನೆಗೆ ಬಾಯಿ ತೆರೆದು ದರ ಕೂಗಿದರು: “ಮೂರೂವರೆ.”

ಟವೆಲ್ಲಿನ ಕೆಳಗಿನ ದರದಲ್ಲಿ ಧರ್ಮ ಕಳೆಯದೆ ಕೂಗಿದ್ದು ಆ ಸೂರಿನ ಕೆಳಗೆ ಅದೇ ಮೊದಲು. ಎರಡು ಕ್ಷಣ ಯಾರಿಗೂ ಅರ್ಥವಾಗಲಿಲ್ಲ. ಆ ವಾರ ಅಲ್ಲಿ ಕೂಗಿದ ದರವೆಲ್ಲ ಮೂರರ ಆಸುಪಾಸು. ಆಮೇಲೆ ಎಲ್ಲರಿಗೂ ಒಟ್ಟಿಗೆ ಅರ್ಥವಾಯಿತು. ಶೆಟ್ಟರು ಕೈ ಹಿಂದಕ್ಕೆ ಎಳೆದುಕೊಂಡರು. ಟವೆಲ್ಲು ಹೇರಿನ ಮೇಲೆ ಬಿತ್ತು.

“ಮನೆಗೆ ಹೋಗು ಪಾಷಾ,” ಎಂದರು. ಸಿಟ್ಟಿನ ದನಿಯಲ್ಲ. ಮಣ್ಣು ಮಾಡಿ ಬಂದವರು ಮಾತಾಡುವ ದನಿ.

ಸಂಜೀವಪ್ಪ ಟವೆಲ್ಲನ್ನು ಎತ್ತಿ, ಮಡಿಸಿ, ತಂದುಕೊಟ್ಟ. ಅವನ ಮುಖದಲ್ಲೂ ಗೆದ್ದ ಕಳೆ ಇರಲಿಲ್ಲ. ಅವನ ಹೇರನ್ನು ಇನ್ನು ಯಾವ ದಲ್ಲಾಳಿಯಾದರೂ ಒತ್ತಿಯೇ ಮಾರುವುದು.

“ಇವತ್ತೊಂದಿನ ಒತ್ತಿಬಿಟ್ಟಿದ್ರೆ ಆಗ್ತಿತ್ತಲ್ಲ ಸಾಬ್ರೆ,” ಎಂದ. “ನಾನೇನು ಕೇಳ್ತಿದ್ನಾ?”

ಮನೆಗೆ ಬಂದು ಪಾಷಾ ಮಗಳಿಗೆ, ಅಧ್ಯಾಯ ತೆಗೆಯಬೇಡ, ಆ ಪರೀಕ್ಷಕರ ಎದುರಿಗೆ ನಾನು ಬರುತ್ತೇನೆ ಎಂದರು. ನೂರ್ಜಹಾನ್ ಬೀಬಿ ಏನಾಯಿತೆಂದು ಕೇಳಲಿಲ್ಲ. ಎದ್ದು ಹೋಗಿ ಅಂಗಳದ ಎಲೆಯನ್ನೆಲ್ಲ ಗೋರಿ, ಒಳ್ಳೆಯದು ಕೆಟ್ಟದ್ದು ಎಂದು ನೋಡದೆ, ತಿಪ್ಪೆಗೆ ಹಾಕಿಸಿದರು. ನೀರು ಹಾಕಿ ಅಂಗಳ ತೊಳೆದರು. ಒಂದು ಸಲ ಸಾಲದೆ ಮತ್ತೊಂದು ಸಲ ತೊಳೆದರು.

ಮೌಖಿಕ ಪರೀಕ್ಷೆಯ ದಿನ ಪಾಷಾ ಕಾರಿಡಾರಿನ ಬೆಂಚಿನ ಮೇಲೆ, ಟವೆಲ್ಲನ್ನು ನಾಲ್ಕು ಮಡಿಕೆ ಮಾಡಿ ತೊಡೆಯ ಮೇಲಿಟ್ಟುಕೊಂಡು, ಮಧ್ಯಾಹ್ನದವರೆಗೂ ಕೂತರು. ಒಳಕ್ಕೆ ಕರೆದಾಗ ಪರೀಕ್ಷಕರು ಎದ್ದು ನಿಂತು ಕುರ್ಚಿ ತೋರಿಸಿದರು. ವಯಸ್ಸಾದವರು, ಸಭ್ಯರು, ಕನ್ನಡದವರೇ. ತೋರಿಸುತ್ತೀರಾ ಎಂದು ಕೇಳಿ ತಾವಾಗಿ ಕೈ ಮುಂದೆ ಮಾಡಿದರು. ಪುಸ್ತಕದ ಹಾಳೆ ಬಿಟ್ಟು ಬೇರೇನನ್ನೂ ಮುಟ್ಟಿರದ, ಮೆತ್ತನೆಯ ಕೈ. ತನ್ನ ಟವೆಲ್ಲಿನ ಕೆಳಗೆ ಬರುವ ಕೊನೆಯ ಕೈ ಇದೇ ಎಂದು ಪಾಷಾ ಅವರಿಗೆ ಅನ್ನಿಸಿತು. ರೂಪಾಯಿ ಹಿಡಿದರು, ಆಣೆ ಮುಟ್ಟಿದರು. ಮಂಡಿಯಲ್ಲಿ ಮರದ ತುಂಡಾಗಿದ್ದ ಹೆಬ್ಬೆಟ್ಟು ಇಲ್ಲಿ ಸರಾಗವಾಗಿ ಇಳಿಯಿತು. ಎರಡು ಸಲ.

ಪರೀಕ್ಷಕರು ತಮ್ಮ ಅಂಗೈಯನ್ನು ತಿರುಗಿಸಿ ನೋಡಿಕೊಂಡರು. ಆಮೇಲೆ ಮೆಲ್ಲಗೆ ಕೇಳಿದರು: “ನಿಮಗೆ ಯಾರು ಕಲಿಸಿದ್ದು?”

“ನಮ್ ತಂದೆ.”

“ಅವರಿಗೆ?”

“ಅವರ ತಂದೆ.”

“ಅದಕ್ಕೂ ಹಿಂದೆ?”

“ಅದಕ್ಕೂ ಹಿಂದೆ ನನಗೆ ಗೊತ್ತಿಲ್ಲ ಸ್ವಾಮಿ.”

ಕಲ್ಲು ಏಳುನೂರು ವರ್ಷದ್ದು, ಈ ಬೆಟ್ಟು ನೂರು ವರ್ಷದ್ದು, ನಡುವಿನ ಆರುನೂರಕ್ಕೆ ಏನು ಹೇಳುತ್ತೀಯಮ್ಮ ಎಂದು ಅವರು ಫಹ್ಮಿದಾಳ ಕಡೆ ತಿರುಗಿದರು. ನಡುವಿನ ಕಾಲದಲ್ಲಿ ಎಲೆ ಬೆಳೆದವರು ಯಾರೂ ಕಲ್ಲು ಹಾಕಿಸಿರಲಿಲ್ಲ. ತಾನು ಇನ್ನೊಂದಿಷ್ಟು ಹಿಂದಿನದನ್ನು ಬಲ್ಲವನಾಗಿದ್ದರೆ ಎಂದುಕೊಂಡರು ಪಾಷಾ. ಸುಳ್ಳು ಹೇಳಬಹುದಿತ್ತು, ತಾತನ ತಾತ ಎಂದು ಸೇರಿಸಬಹುದಿತ್ತು. ಈ ಮನುಷ್ಯ ನಂಬುತ್ತಿದ್ದ. ಮಗಳು ತನ್ನನ್ನೇ ನೋಡುತ್ತಿದ್ದಳು, ಅದಕ್ಕೇ ಹೇಳಲಿಲ್ಲ.

ಪದವಿ ಬಂತು. ಆ ಅಧ್ಯಾಯ ಅಧ್ಯಾಯವಾಗಿ ಉಳಿಯಲಿಲ್ಲ. ಪ್ರಬಂಧದ ಕೊನೆಯಲ್ಲಿ ಅನುಬಂಧವೆಂದು, ಇದು ಊಹೆ ಮಾತ್ರ ಎಂಬ ಷರಾದೊಂದಿಗೆ, ಒಂಬತ್ತು ಪುಟಕ್ಕೆ ಇಳಿಯಿತು. ಮುಖ್ಯ ಭಾಗದಲ್ಲಿ ವರ್ತಕರು ದಾನ ಕೊಟ್ಟರು ಎಂದೇ ಇದೆ.

ಎಪ್ಪತ್ತನೇ ಇಸವಿಯ ಹೊತ್ತಿಗೆ ಅಹ್ಮದ್ ಪಾಷಾ ರಸೆಲ್ ಮಾರುಕಟ್ಟೆಯ ಹೊರಗೆ ಒಂದು ಮರದ ಪೆಟ್ಟಿಗೆ ಮುಂದಿಟ್ಟುಕೊಂಡು ಬಿಡಿ ಎಲೆ ಮಾರುತ್ತಿದ್ದರು. ಎಲೆ ಅದೇ ಮಂಡಿಯದು, ಬೇರೆಯವರ ಕೈಯಿಂದ ಕೊಂಡದ್ದು. ಫಹ್ಮಿದಾಳಿಗೆ ಹಲಸೂರಿನಾಚೆ ಒಂದು ಕಾಲೇಜಿನಲ್ಲಿ ತಾತ್ಕಾಲಿಕ ಕೆಲಸ ಸಿಕ್ಕಿತ್ತು. ಬಸ್ಸಿಗೆ ಹೋಗುವಾಗ ಪೆಟ್ಟಿಗೆಯ ಹತ್ತಿರ ನಿಂತು, ತಂದೆ ಕೊಟ್ಟ ಒಂದೆಲೆ ಮಡಿಸಿ ಬಾಯಿಗಿಟ್ಟುಕೊಂಡು ಹೋಗುತ್ತಿದ್ದಳು. ಸಂಜೀವಪ್ಪನ ಹೇರು ಶೆಟ್ಟರಿಗೇ ಇಳಿಯುತ್ತಿತ್ತು. ಅವನೇ ಒಂದು ದಿನ ಪೆಟ್ಟಿಗೆಯ ಪಕ್ಕ ಕೂತು ಬೀಡಿ ಹಚ್ಚಿ ಸುದ್ದಿ ಹೇಳಿದ: ಮಂಡಿಯಲ್ಲಿ ಈಗ ಹೆಬ್ಬೆಟ್ಟು ಒತ್ತುವುದನ್ನು ಬಿಟ್ಟಿದ್ದಾರೆ, ಎಲ್ಲರ ಮುಂಗೈಯನ್ನೂ ನೋಡಿದ್ದೇನೆ, ನರ ಏಳುವುದಿಲ್ಲ. ಆದರೂ ಕೂಗುವ ದರ ಮೊದಲಿಗಿಂತ ಮೇಲೆ ಹೋಗಿಲ್ಲ. ಈಗ ಯಾವ ಬೆರಳು ಎಂದು ನಿಮಗೆ ಗೊತ್ತಾ ಸಾಬ್ರೆ ಎಂದು ಕೇಳಿದ. ಪಾಷಾ ಅವರಿಗೆ ಗೊತ್ತಿರಲಿಲ್ಲ. ಗೊತ್ತಾಗುವ ಜಾಗದಲ್ಲಿ ಅವರು ಇರಲಿಲ್ಲ.

ಸಿಕ್ಕಿದ್ದು ಮಗಳ ಹೆಸರಿನ ಮುಂದೆ ಒಂದು ಪದವಿ, ಅವಳ ಪ್ರಬಂಧದ ಕೊನೆಯಲ್ಲಿ ನಿಜವಾದ ಒಂಬತ್ತು ಪುಟ. ಹೋದದ್ದು ಮೂವತ್ತು ವರ್ಷದ ಜಾಗ, ಒಬ್ಬ ಗೆಳೆಯ, ಮತ್ತು ತನ್ನನ್ನು ನಂಬಿ ಪಕ್ಕದಲ್ಲಿ ಕೂರುತ್ತಿದ್ದ ಜನ. ತೋಟದವರಿಗೆ ಏನೂ ಸಿಗಲಿಲ್ಲ.